ಖಾಲಿ ಜಾಗಕ್ಕೆ ಯಾರು ದುಡ್ಡು ಕೊಡ್ತಾರೆ?

ಈ ಸಲ ಊರ ಕಡೆ ಹೋದವನು ರಾಮನಾಥಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ಉಳಿದುಕೊಂಡಿದ್ದೆ. ಹೊಳೆಗೆ ಇಳಿಯುವ ದಾರಿಯ ತಗ್ಗಿನ ಸಾಲಿನಲ್ಲಿ ಅವರ ಮನೆ. ನಡುಮನೆ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಎರಡು ಗೆರೆ ಎಳೆದಿದ್ದಾರೆ. ಮಕ್ಕಳು ಎಷ್ಟುದ್ದ ಬೆಳೆದರು ಅಂತ ಗುರುತು ಹಾಕುತ್ತೀವಲ್ಲ, ಥೇಟ್ ಹಾಗೇ. ಕೆಳಗಿನ ಗೆರೆ 2018, ಮೇಲಿನದು 2019. ಆಮೇಲೆ ಮನೆಗೆ ಸುಣ್ಣ ಬಣ್ಣ ಆಗಿದೆ. ಆದರೆ ಆ ಒಂದು ಮೊಳ ಜಾಗ ಮಾತ್ರ ಹಾಗೇ ಬಿಡಿಸಿದ್ದಾರೆ.

"ಇದನ್ನ ತಡೆಯೋಕೆ ಸರ್ಕಾರದಿಂದ ಏನೂ ಬರಲಿಲ್ವಾ ಚಿಕ್ಕಮ್ಮ?" ಅಂತ ಕೇಳಿದೆ.

"ಬಂತಲ್ಲೋ, ಹತ್ತು ಸಾವಿರ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿತ್ತು, ನಿಮ್ಮ ಚಿಕ್ಕಪ್ಪ ನಾಲ್ಕು ಸಲ ಓಡಾಡಿದ ಮೇಲೆ ಬಂತು. ಹಾಸಿಗೆ, ಅಕ್ಕಿ ಡಬ್ಬ, ಮಿಕ್ಸಿ ಎಲ್ಲಾ ಹೊಸದಾಗಿ ತಗೊಂಡ್ವಿ."

"ಅದು ಹೊಳೆ ಬಂದು ಹೋದ ಮೇಲೆ. ನಾನು ಕೇಳಿದ್ದು ಬರೋಕೆ ಮುಂಚೆ."

ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದರು. ಬರೋಕೆ ಮುಂಚೆ ದುಡ್ಡು ಕೊಡ್ತಾರಾ ಅನ್ನೋ ಹಾಗೆ.

ಬೆಂಗಳೂರಿಗೆ ಬಂದ ಮೇಲೂ ಆ ನೋಟ ಮರೆಯಲಿಲ್ಲ. ರಜೆಯ ದಿನಗಳಲ್ಲಿ ಗೆಜೆಟಿಯರು, ಕಾವೇರಿ ನ್ಯಾಯಮಂಡಳಿಯ ಕಾಗದ, ಹಣಕಾಸು ಆಯೋಗದ ವರದಿ ಎಲ್ಲ ಕೆದಕುತ್ತಾ ಕೂತೆ. ನಾನು ಇಂಜಿನಿಯರೂ ಅಲ್ಲ, ಇತಿಹಾಸದ ಮೇಷ್ಟ್ರೂ ಅಲ್ಲ. ತಪ್ಪಿದ್ದರೆ ತಿದ್ದಿ. ನಮ್ಮ ಹಾಸನ ಸೀಮೆಯಲ್ಲಿ ಪ್ರವಾಹ ತಡೆಯೋಕೆ ಅಂತ ಸರ್ಕಾರದ ದುಡ್ಡು ಯಾವಾಗ, ಯಾವ ಹೆಸರಿನಲ್ಲಿ ಬಂತು ಅಂತ ಹುಡುಕಿದಾಗ ಸಿಕ್ಕಿದ್ದನ್ನು ಇಲ್ಲಿ ಹಾಕಿದ್ದೇನೆ.

ಮೊದಲು ಜಾಗ ಗೊತ್ತಿಲ್ಲದವರಿಗೆ. ಹಾಸನ ಜಿಲ್ಲೆಯ ಒಂದು ಕಾಲು ಮಲೆನಾಡಿನಲ್ಲಿ, ಇನ್ನೊಂದು ಬಯಲುಸೀಮೆಯಲ್ಲಿ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ, ಸಕಲೇಶಪುರ ದಾಟಿ, ಗೊರೂರಿನ ಹತ್ತಿರ ಯಗಚಿಯನ್ನು ಸೇರಿಸಿಕೊಂಡು, ಹೊಳೆನರಸೀಪುರದ ಪಕ್ಕದಲ್ಲೇ ಹಾದು ಕೃಷ್ಣರಾಜಸಾಗರದ ಹಿನ್ನೀರಿಗೆ ಹೋಗುತ್ತದೆ. ಊರಿನ ಹೆಸರಲ್ಲೇ ಹೊಳೆ ಇದೆ ನೋಡಿ! ಅರಕಲಗೂಡು ತಾಲ್ಲೂಕಿನ ದಕ್ಷಿಣಕ್ಕೆ ಕೊಡಗಿನಿಂದ ಇಳಿದು ಬರುವ ಕಾವೇರಿ. ಕೊಣನೂರು, ಕಟ್ಟೇಪುರ, ರಾಮನಾಥಪುರ ಎಲ್ಲ ಅದರ ದಡದ ಊರುಗಳು. ಚನ್ನರಾಯಪಟ್ಟಣಕ್ಕೆ ಇಂಥ ದೊಡ್ಡ ಹೊಳೆಯ ಭಾಗ್ಯವಿಲ್ಲ, ಅಲ್ಲಿ ಕೆರೆಗಳೇ ಎಲ್ಲ. ಹಾಗಾಗಿ ಒಂದೇ ಜಿಲ್ಲೆಯಲ್ಲಿ ಮೂರು ಥರದ ನೆರೆ: ಅಣೆಕಟ್ಟಿನ ಕೆಳಗಿನದು, ಅಣೆಕಟ್ಟೇ ಇಲ್ಲದ ನದಿಯದು, ಕೆರೆ ಏರಿ ಒಡೆದು ಬರುವುದು. ಹಾಸನ ಪಟ್ಟಣದ ರಾಜಕಾಲುವೆ, ಬಡಾವಣೆಗಳ ಕಥೆ ಬೇರೆ. ಅದು ಬೆಂಗಳೂರಿನ ಕಥೆಯೇ, ನಿಮಗೆ ಗೊತ್ತಿರುವುದೇ.

ನಮ್ಮ ಅಜ್ಜಿ ಹೊಳೆನರಸೀಪುರದ ಪೇಟೆಯವರು. "ಇಪ್ಪತ್ನಾಲ್ಕರ ಹೊಳೆ" ಅಂತ ಅವರ ಅಮ್ಮ ಹೇಳುತ್ತಿದ್ದ ಕಥೆಗಳನ್ನು ನಮಗೆ ಹೇಳುತ್ತಿದ್ದರು. ಅದು 1924ರ ಜುಲೈ. ಆ ತಿಂಗಳು ಪಶ್ಚಿಮ ಘಟ್ಟದಲ್ಲಿ ಸುರಿದ ಮಳೆಗೆ ಘಟ್ಟದ ಎರಡೂ ಕಡೆ ಅಲ್ಲೋಲಕಲ್ಲೋಲ. ಮಲಯಾಳಿಗಳು ಈಗಲೂ ಅದನ್ನು ತಮ್ಮ ಕೊಲ್ಲಂ ಶಕೆಯ ಲೆಕ್ಕದಲ್ಲಿ 99ರ ನೆರೆ ಅನ್ನುತ್ತಾರೆ. ಈ ಕಡೆ ಕಾವೇರಿ ತಂಜಾವೂರಿನವರೆಗೂ ಉಕ್ಕಿತ್ತು. ಆಗಿನ್ನೂ ಕೃಷ್ಣರಾಜಸಾಗರದ ಕೆಲಸ ಮುಗಿದಿರಲಿಲ್ಲ.

ಇದೇ ವರ್ಷದ ಫೆಬ್ರವರಿ 18ರಂದು ಮೈಸೂರಿಗೂ ಮದರಾಸಿಗೂ ಕಾವೇರಿ ಒಪ್ಪಂದವಾಗಿತ್ತು. ಆಗ ಎ.ಆರ್. ಬ್ಯಾನರ್ಜಿ ದಿವಾನರು. ಒಪ್ಪಂದಕ್ಕೆ ಸಹಿ ಬಿದ್ದು ಐದು ತಿಂಗಳಿಗೆ ಆ ಮಹಾಪೂರ ಬಂತು. ಒಪ್ಪಂದದಲ್ಲಿ ಇದ್ದದ್ದೆಲ್ಲ ಎಷ್ಟು ನೀರು ಹಿಡಿಯಬಹುದು, ಎಷ್ಟು ಎಕರೆಗೆ ಹಾಯಿಸಬಹುದು, ಕೆಳಗೆ ಎಷ್ಟು ಬಿಡಬೇಕು ಅನ್ನುವ ಲೆಕ್ಕ. ಕೃಷ್ಣರಾಜಸಾಗರ ಬಿಟ್ಟು ಕಾವೇರಿ ಮತ್ತು ಉಪನದಿಗಳ ಮೇಲೆ ಮೈಸೂರು ಇನ್ನೂ 45 ಟಿಎಂಸಿಯಷ್ಟು ಸಂಗ್ರಹ ಕಟ್ಟಿಕೊಳ್ಳಬಹುದು, 1,10,000 ಎಕರೆಗೆ ನೀರಾವರಿ ವಿಸ್ತರಿಸಬಹುದು ಅಂತ ಅದರಲ್ಲಿತ್ತು. ಹೇಮಾವತಿಗೆ ಅಣೆಕಟ್ಟು ಬರುವುದಕ್ಕೆ ಕಾಗದದ ಮೇಲೆ ದಾರಿ ಆದದ್ದು ಅಲ್ಲಿಂದ. ಗಮನಿಸಿ, ಆ ದಾರಿ ನೀರಾವರಿಯದು, ನೆರೆಯದಲ್ಲ.

ದಾರಿ ಆಯಿತೇ ಹೊರತು ಅಣೆಕಟ್ಟು ಬರಲು ಇನ್ನೂ ಐವತ್ತೈದು ವರ್ಷ ಬೇಕಾಯಿತು. ಅದು ಬಂದ ರೀತಿಯೇ ನನಗೆ ಈ ಹುಡುಕಾಟದಲ್ಲಿ ಸಿಕ್ಕ ಸ್ವಾರಸ್ಯದ ಸಂಗತಿ.

1960ರ ದಶಕದ ಕೊನೆಗೆ ಹೇಮಾವತಿ, ಹಾರಂಗಿ, ಕಬಿನಿ, ಸುವರ್ಣಾವತಿ ಈ ನಾಲ್ಕು ಯೋಜನೆಗಳಿಗೆ ರಾಜ್ಯ ಕೈ ಹಾಕಿದಾಗ ತಮಿಳುನಾಡು ಆಕ್ಷೇಪಿಸಿತು. ದೆಹಲಿಯ ಯೋಜನಾ ಆಯೋಗ ಒಪ್ಪಿಗೆ ಕೊಡಲಿಲ್ಲ. ಒಪ್ಪಿಗೆ ಇಲ್ಲ ಅಂದರೆ ಪಂಚವಾರ್ಷಿಕ ಯೋಜನೆಯ ಹಣವಿಲ್ಲ, ಕೇಂದ್ರದ ನೆರವೂ ಇಲ್ಲ. ಆಗ ರಾಜ್ಯ ಮಾಡಿದ್ದೇನು? 'ಯೋಜನೇತರ ವೆಚ್ಚ' ಅಂತ ಬರೆದುಕೊಂಡು ತನ್ನದೇ ಬೊಕ್ಕಸದಿಂದ ಕಟ್ಟಿತು. ಸಂಬಳ, ಪಿಂಚಣಿ, ಬಡ್ಡಿ ಬರೆಯುವ ಅದೇ ಖಾತೆಯ ಕಡೆಯಲ್ಲಿ ನಾಲ್ಕು ಅಣೆಕಟ್ಟು! ದುಡ್ಡು ಇದ್ದಷ್ಟು ಕೆಲಸ, ಇಲ್ಲದಾಗ ನಿಧಾನ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಕಾಲುವೆಗಳು ಅದಾದ ಮೇಲೂ ದಶಕಗಟ್ಟಲೆ ತೆವಳಿದವು. ಬಾಗೂರು-ನವಿಲೆ ಸುರಂಗ ಅಂತ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಸುಮಾರು 10 ಕಿ.ಮೀ. ಉದ್ದ ಕೊರೆದು ತುಮಕೂರಿನ ಕಡೆಗೆ ನೀರು ಹರಿಸಿದರು. ಅದರದ್ದೇ ಒಂದು ಪುಸ್ತಕವಾಗುತ್ತದೆ, ಇರಲಿ.

ರಾಜಕೀಯ ನನಗೆ ಬೇಡ, ಆದರೆ ಹೊಳೆನರಸೀಪುರದ ಬಗ್ಗೆ ಬರೆಯುತ್ತಾ ಒಂದು ಹೆಸರು ಬಿಡುವುದಕ್ಕಾಗದು. 1962ರಲ್ಲಿ ಪಕ್ಷೇತರನಾಗಿ ಇಲ್ಲಿಂದ ಗೆದ್ದ ಎಚ್.ಡಿ. ದೇವೇಗೌಡರು ಮುಂದೆ ನೀರಾವರಿ ಮಂತ್ರಿಯಾದರು. ನೀರಾವರಿಗೆ ದುಡ್ಡು ಸಾಲದು ಅಂತ 1987ರಲ್ಲಿ ಸಂಪುಟದಿಂದಲೇ ಹೊರಗೆ ಬಂದರು. ಒಬ್ಬ ಮಂತ್ರಿ ನೀರು ಹಿಡಿಯುವ ದುಡ್ಡಿಗಾಗಿ ರಾಜೀನಾಮೆ ಕೊಟ್ಟ ಚರಿತ್ರೆ ನಮ್ಮ ಊರಿಗಿದೆ. ನೆರೆ ತಡೆಯುವ ದುಡ್ಡಿಗಾಗಿ ಯಾರಾದರೂ ಹಾಗೆ ಮಾಡಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ತಪ್ಪು ಹುಡುಕುತ್ತಿಲ್ಲ. ಬರ ವರ್ಷಕ್ಕೊಂದು ಸಲ ಬರುತ್ತಿತ್ತು, ನೆರೆ ತಲೆಮಾರಿಗೊಂದು ಸಲ. ಮತ ಯಾವುದರಲ್ಲಿತ್ತು ಅಂತ ಬೇರೆ ಹೇಳಬೇಕಾ :-)

ಅಣೆಕಟ್ಟಿಗೆ ತೆತ್ತ ಬೆಲೆ ಮರೆಯಬಾರದು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಇಗರ್ಜಿಯ ಫೋಟೋ ನೀವೆಲ್ಲ ನೋಡಿರುತ್ತೀರಿ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ನೀರಲ್ಲಿ, ಬೇಸಿಗೆಯಲ್ಲಿ ಬಯಲಲ್ಲಿ. ಎಲ್ಲರೂ ಫೋಟೋ ತೆಗೆಯಲು ಹೋಗುತ್ತಾರೆ. ಅಲ್ಲಿ ಪೂಜೆಗೆ ಸೇರುತ್ತಿದ್ದ ಜನ ಎಲ್ಲಿಗೆ ಹೋದರು ಅಂತ ಕೇಳುವವರು ಕಮ್ಮಿ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಕಾದಂಬರಿಗೆ 'ಹೇಮಾವತಿ' ಅಂತ ಹೆಸರಿಟ್ಟ ಹೊಳೆ ಅವರು ಬದುಕಿದ್ದಾಗಲೇ ಅವರ ಊರಿನ ಪಕ್ಕದಲ್ಲಿ ಸಮುದ್ರದ ಥರ ನಿಂತಿತು.

ಈಗ ಅಣೆಕಟ್ಟು ನೆರೆ ತಡೆಯಿತೇ ಅನ್ನುವ ಪ್ರಶ್ನೆ. ಒಂದು ಸಣ್ಣ ಲೆಕ್ಕ ಮಾಡೋಣ, ಗಣಿತ ಕಂಡರೆ ಓಡಬೇಡಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹೊಳೆಯಲ್ಲಿ ಒಂದು ಲಕ್ಷ ಕ್ಯುಸೆಕ್ ಬಂದರೆ ದಿನಕ್ಕೆ 8.64 ಟಿಎಂಸಿ. ಹೇಮಾವತಿ ಜಲಾಶಯ ಹಿಡಿಯುವುದು 37.1 ಟಿಎಂಸಿ. ಪೂರಾ ಖಾಲಿ ಇದ್ದರೂ ನಾಲ್ಕೂಕಾಲು ದಿನಕ್ಕೆ ಭರ್ತಿ. ಅಂದರೆ ಜೂನ್ ತಿಂಗಳಲ್ಲಿ ಬರುವ ಪೂರವನ್ನು ಅದು ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ಆಗಸ್ಟ್‌ನಲ್ಲಿ 2922 ಅಡಿ ಮುಟ್ಟಿ ನಿಂತಾಗ ಅದೇ ಪೂರ ಬಂದರೆ ಬಂದದ್ದನ್ನೆಲ್ಲ ಕೆಳಗೆ ಬಿಡುವುದೊಂದೇ ದಾರಿ. ಆಗ ಅಣೆಕಟ್ಟು ಇದ್ದರೂ ಹೊಳೆನರಸೀಪುರಕ್ಕೆ ಇಲ್ಲದಂತೆಯೇ.

ಹಾಗಾದರೆ ಸ್ವಲ್ಪ ಖಾಲಿ ಇಟ್ಟುಕೊಳ್ಳಬಾರದೇ ಅಂತ ನಾನೂ ಕೇಳಿದೆ. ನೀರಾವರಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರು ನಕ್ಕರು. "ಜುಲೈನಲ್ಲಿ ಐದು ಟಿಎಂಸಿ ಜಾಗ ಬಿಟ್ಟು ಕೂತ್ಕೋ. ಸೆಪ್ಟೆಂಬರಲ್ಲಿ ಮಳೆ ಕೈಕೊಡ್ತು ಅಂತಿಟ್ಟುಕೋ. ತುಮಕೂರಿನವರು ಬಿಡ್ತಾರಾ, ಮಂಡ್ಯದವರು ಬಿಡ್ತಾರಾ?" ಅಂದರು. ಅವರ ಮಾತಿನ ಹಿಂದೆ ಇತಿಹಾಸವಿದೆ. 1990ರಲ್ಲಿ ಕಾವೇರಿ ನ್ಯಾಯಮಂಡಳಿ ಬಂತು. 1991ರ ಜೂನ್ 25ರ ಮಧ್ಯಂತರ ತೀರ್ಪು ವರ್ಷಕ್ಕೆ 205 ಟಿಎಂಸಿ ಬಿಡಿ ಅಂದಿತು. 2007ರಲ್ಲಿ ಅಂತಿಮ ತೀರ್ಪು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ಒಂದೊಂದು ಟಿಎಂಸಿಗೂ ವಕೀಲರು ವಾದಿಸಿದ ನದಿಯಿದು. ತುಂಬಿದ ಜಲಾಶಯ ಅಂದರೆ ಬಾಗಿನ, ಮುಖ್ಯಮಂತ್ರಿಗಳ ಫೋಟೋ, ರೈತರಿಗೆ ಧೈರ್ಯ. ನೆರೆಗೆ ಅಂತ ಬಿಟ್ಟ ಖಾಲಿ ಜಾಗಕ್ಕೆ ಯಾವ ಬಜೆಟ್ಟಿನಲ್ಲೂ ಬೆಲೆಯಿಲ್ಲ.

ಇಲ್ಲಿ ಇನ್ನೊಂದು ಅನರ್ಥವೂ ಆಗಿದೆ. ಅಣೆಕಟ್ಟು ಬಂದ ಮೇಲೆ ಚಿಕ್ಕಪುಟ್ಟ ಪೂರಗಳು ಕೆಳಗೆ ಬರುವುದು ನಿಂತಿತು. ಜನ ಹೊಳೆಯನ್ನು ಮರೆತರು. ದಂಡೆಯ ತಗ್ಗಿಗೆ ಮೊದಲು ಕೊಟ್ಟಿಗೆ, ಆಮೇಲೆ ಗೋಡೌನು, ಆಮೇಲೆ ಮನೆ. ನಮ್ಮ ಅಜ್ಜಿಯ ತಲೆಮಾರಿನವರು ಅಲ್ಲಿ ಬದನೆ ಹಾಕುತ್ತಿದ್ದರೇ ಹೊರತು ಮನೆ ಕಟ್ಟುತ್ತಿರಲಿಲ್ಲ. 2018ರಲ್ಲಿ ಜುಲೈಗೇ ಜಲಾಶಯ ತುಂಬಿ, ಆಗಸ್ಟ್‌ನಲ್ಲಿ ಕೊಡಗು ಕುಸಿದಂಥ ಮಳೆ ಬಂತು. 2019ರಲ್ಲಿ ಆಗಸ್ಟ್ ಶುರುವಿನವರೆಗೂ ಮಳೆಯಿಲ್ಲ ಅಂತ ಕೂತವರು ಕೆಲವೇ ದಿನಗಳಲ್ಲಿ ಜಲಾಶಯ ತುಂಬಿದ್ದನ್ನೂ ನೋಡಿದರು, ಗೇಟು ತೆಗೆದದ್ದನ್ನೂ ನೋಡಿದರು. ಹೊಳೆನರಸೀಪುರದ ತಗ್ಗಿನ ಮನೆಗಳವರೆಗೂ ನೀರು ಬಂತು.

ರಾಮನಾಥಪುರದ್ದು ಇನ್ನೂ ಕಷ್ಟ. ಚಿಕ್ಕಮ್ಮನ ಬೀದಿಯಲ್ಲಿ ಎಲ್ಲರೂ ಬೈಯುವುದು ಹಾರಂಗಿಯನ್ನು. "ಹಾರಂಗಿ ಬಿಟ್ಟರು, ನಾವು ಮುಳುಗಿದ್ವಿ" ಅಂತ. ಪೂರ್ತಿ ಸರಿಯಲ್ಲ. ಹಾರಂಗಿ ಕಾವೇರಿಗೆ ಕೂಡಿಗೆಯಲ್ಲಿ ಸೇರುವ ಉಪನದಿ. ಅಣೆಕಟ್ಟು ಅದರ ಮೇಲಿದೆ, ಅದೂ 8.5 ಟಿಎಂಸಿಯದು. ಮೇಲಿನ ಲೆಕ್ಕದ ಪ್ರಕಾರ ಲಕ್ಷ ಕ್ಯುಸೆಕ್ಕಿಗೆ ಅದು ಒಂದು ದಿನದ ಗ್ರಾಸವೂ ಅಲ್ಲ. ಭಾಗಮಂಡಲದಿಂದ ಬರುವ ಮೂಲ ಕಾವೇರಿಗೆ ರಾಮನಾಥಪುರದ ಮೇಲೆ ಪೂರ ಹಿಡಿಯುವಂಥ ಜಲಾಶಯವೇ ಇಲ್ಲ. ಕಟ್ಟೇಪುರದ ಕೃಷ್ಣರಾಜ ಕಟ್ಟೆ ನೀರನ್ನು ನಾಲೆಗೆ ತಿರುಗಿಸುವುದಕ್ಕೆ ಕಟ್ಟಿದ ಹಳೆಯ ಅಡ್ಡಗಟ್ಟೆ, ಪೂರ ಅದರ ತಲೆಯ ಮೇಲೆ ಹಾದುಹೋಗುತ್ತದೆ. ಹಾಗಾಗಿ ಇಲ್ಲಿಗೆ ಬೇಕಾದ್ದು ದೊಡ್ಡ ಅಣೆಕಟ್ಟಲ್ಲ. ಮೇಲಿಂದ ಕೆಲವು ಗಂಟೆ ಮುಂಚೆ ನಂಬುವಂಥ ಸುದ್ದಿ, ಬೀದಿಯ ನೀರು ಹೊಳೆಗೆ ಹೋಗುವ, ಹೊಳೆಯ ನೀರು ಬೀದಿಗೆ ಬಾರದ ಚರಂಡಿ ಬಾಗಿಲು, ತೀರಾ ತಗ್ಗಿನ ಸಾಲಿಗೆ ಎತ್ತರದಲ್ಲಿ ಸೈಟು. ಯಾವುದೂ ಶಂಕುಸ್ಥಾಪನೆಯ ಕಲ್ಲು ಹಾಕಿಸುವಷ್ಟು ದೊಡ್ಡ ಕೆಲಸವಲ್ಲ. ವಹ್ನಿಪುಷ್ಕರಿಣಿಯ ಮೀನುಗಳಿಗೆ ಕಡಲೆಪುರಿ ಹಾಕುತ್ತಾ ಇದನ್ನೇ ಯೋಚಿಸುತ್ತಿದ್ದೆ.

ಸರಿ, ದುಡ್ಡಿನ ಕಡೆಗೆ ಬರೋಣ. ಸ್ವಾತಂತ್ರ್ಯ ಬಂದ ಮೇಲೆ ನೈಸರ್ಗಿಕ ವಿಕೋಪದ ಹಣವನ್ನು ಎರಡನೇ ಹಣಕಾಸು ಆಯೋಗದ ಕಾಲದಿಂದ ಒಂದು ಮೀಸಲು ಅಂತ ಇಡತೊಡಗಿದರು. ಒಂಬತ್ತನೇ ಆಯೋಗ 1990ರಲ್ಲಿ ಅದನ್ನು ವಿಕೋಪ ಪರಿಹಾರ ನಿಧಿ ಮಾಡಿತು. ಕೇಂದ್ರದ್ದು ಮುಕ್ಕಾಲು, ರಾಜ್ಯದ್ದು ಕಾಲು. 2005ರ ಕಾಯ್ದೆ ಬಂದು, 2010ರಿಂದ ಅದೇ ರಾಜ್ಯ ವಿಪತ್ತು ಸ್ಪಂದನಾ ನಿಧಿ ಆಯಿತು. ಹೆಸರು ಬದಲಾಯಿತೇ ಹೊರತು ಸ್ವಭಾವ ಬದಲಾಗಲಿಲ್ಲ: ನೀರು ಬಂದ ಮೇಲೆ ಅನ್ನ, ಬಟ್ಟೆ, ಸೂರು, ಮತ್ತು ಒಡೆದದ್ದನ್ನು ಮೊದಲಿದ್ದ ಸ್ಥಿತಿಗೆ ತರುವ ತುರ್ತು ದುರಸ್ತಿ. ತಪ್ಪು ಅನ್ನುತ್ತಿಲ್ಲ, ಅದೂ ಬೇಕು. 2019ರಲ್ಲಂತೂ ಕೇಂದ್ರದ ಮಾನದಂಡದಲ್ಲಿ ಪೂರ್ತಿ ಬಿದ್ದ ಮನೆಗೆ 95,100 ರೂಪಾಯಿ ಇದ್ದದ್ದನ್ನು ರಾಜ್ಯ ತನ್ನ ಕೈಯಿಂದ ಸೇರಿಸಿ 5 ಲಕ್ಷ ಮಾಡಿತು, ತಕ್ಷಣದ ಪರಿಹಾರವನ್ನು 10 ಸಾವಿರ ಮಾಡಿತು. ಚಿಕ್ಕಮ್ಮನಿಗೆ ಬಂದದ್ದು ಅದೇ. ಆ ವರ್ಷ ಇಡೀ ರಾಜ್ಯದ ನಷ್ಟ 35 ಸಾವಿರ ಕೋಟಿಗೂ ಮೇಲೆ ಅಂತ ಬರೆದುಕೊಟ್ಟರೆ, ಅಕ್ಟೋಬರ್‌ನಲ್ಲಿ ದೆಹಲಿಯಿಂದ ಮೊದಲು ಬಂದದ್ದು 1,200 ಕೋಟಿ.

ಬರುವುದಕ್ಕೆ ಮುಂಚೆ ಖರ್ಚು ಮಾಡಲು ಅಂತ ಒಂದು ಪ್ರತ್ಯೇಕ ಖಾತೆ ಹುಟ್ಟಿದ್ದು ಹದಿನೈದನೇ ಹಣಕಾಸು ಆಯೋಗದ ಕಾಲಕ್ಕೆ, 2021ರಿಂದ. ನೂರು ರೂಪಾಯಿ ವಿಪತ್ತು ಹಣದಲ್ಲಿ ಎಂಬತ್ತು ಸ್ಪಂದನೆಗೆ, ಇಪ್ಪತ್ತು ತಗ್ಗಿಸುವುದಕ್ಕೆ. 1924ರ ಹೊಳೆಯಿಂದ ಲೆಕ್ಕ ಹಾಕಿದರೆ ತೊಂಬತ್ತೇಳು ವರ್ಷ.

ಈಗ ಚನ್ನರಾಯಪಟ್ಟಣಕ್ಕೆ ಬರುತ್ತೇನೆ. ಯಾಕೆಂದರೆ ಇದಕ್ಕಿಂತ ಹಳೆಯ, ಇದಕ್ಕಿಂತ ಬುದ್ಧಿವಂತಿಕೆಯ ಏರ್ಪಾಡು ಇದ್ದದ್ದು ಕೆರೆಗಳಲ್ಲಿ. ಬಿ.ಎಲ್. ರೈಸ್ 1902ರಲ್ಲಿ ಅಚ್ಚು ಹಾಕಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟ ಸಿಕ್ಕರೆ ತಿರುವಿ ಹಾಕಿ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಯ ಮಾತು ಮತ್ತೆ ಮತ್ತೆ ಬರುತ್ತದೆ: ಬಿತ್ತುವಟ್ಟ, ಕಟ್ಟುಕೊಡಗೆ. ಹೂಳು ಹೊರುವ ಕೆರೆಬಂಡಿಯ ಖರ್ಚಿಗೂ ಗದ್ದೆ ಬಿಟ್ಟಿದ್ದಾರೆ. ಅಂದರೆ ಕೆರೆಯ ದುರಸ್ತಿಗೆ ದುಡ್ಡು ಆ ಕೆರೆಯ ಕೆಳಗಿನ ಗದ್ದೆಯಿಂದಲೇ, ವರ್ಷಾವರ್ಷ. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದೂ ಅದೇ ಗದ್ದೆ. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ 1866ರ ಹೊತ್ತಿಗೆ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಒಂದು ಸಾಹಸ ಅನ್ನುವ ಅರ್ಥದ ಮಾತು ಬರೆದಿದ್ದಾನೆ. ಒಂದರ ಕೋಡಿ ಇನ್ನೊಂದರ ಬಾಯಿಗೆ, ಹಾಗಿತ್ತು ಸರಪಳಿ.

1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿ ಕಾನೂನು ಮಾಡಿ ರೈತರ ಪಾಲಿನ ಮಣ್ಣುಕೆಲಸವನ್ನು ಮತ್ತೆ ಊರಿಗೆ ಹಚ್ಚಲು ನೋಡಿತು. 1961ರ ಕಾಯ್ದೆ ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನೆಲ್ಲ ತೆಗೆದುಹಾಕಿತು. ತೂಬು ಎತ್ತಿ ಇಳಿಸುತ್ತಿದ್ದ, ರಾತ್ರಿ ಮಳೆ ಬಂದರೆ ಏರಿ ಮೇಲೆ ಓಡಾಡುತ್ತಿದ್ದ ನೀರುಗಂಟಿಯ ಹುದ್ದೆಯೂ ಹೋಯಿತು. ಹೋಗಬೇಕಾದ್ದೇ. ಊರಿನ ಚಾಕರಿಯನ್ನು ಒಂದೇ ಕೇರಿಯ ಮೇಲೆ ಹೇರಿದ್ದ ವ್ಯವಸ್ಥೆ ಅದು. ಆದರೆ ಅವನು ಮಾಡುತ್ತಿದ್ದ ಕೆಲಸಕ್ಕೆ ಸಂಬಳದ ಆಳನ್ನು ಎಲ್ಲಾ ಕಡೆ ಯಾರೂ ಇಡಲಿಲ್ಲ. ಈಗ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯಿತಿಗೆ, ಅದರ ಮೇಲೆ 2000 ಹೆಕ್ಟೇರಿನವರೆಗೆ ಸಣ್ಣ ನೀರಾವರಿಗೆ, ನಾಲೆ ಕಾವೇರಿ ನೀರಾವರಿ ನಿಗಮಕ್ಕೆ. ಕೆರೆಗಳಿಗೇ ಅಂತ ಒಂದು ಪ್ರಾಧಿಕಾರವನ್ನೂ ಮಾಡಿದರು.

ನಮ್ಮ ಸೋದರಮಾವನ ಊರು ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿ. ಮುಂಚೆ ಆ ಕೆರೆ ಐದು ವರ್ಷಕ್ಕೊಮ್ಮೆ ತುಂಬಿದರೆ ಹೆಚ್ಚು. ಹೇಮಾವತಿ ನೀರು ಬಿಡತೊಡಗಿದ ಮೇಲೆ ಊರಿಗೆ ಜೀವ ಬಂತು, ತೆಂಗು ನಿಂತಿತು. ಇನ್ನೂ ಒಂದಡಿ ಹೆಚ್ಚು ನೀರು ನಿಲ್ಲಲಿ ಅಂತ ಊರಿನವರೇ, ಮಾವನೂ ಸೇರಿ, ಕೋಡಿಗೆ ಅಡ್ಡಲಾಗಿ ಕಲ್ಲು ಪೇರಿಸಿ ಸಿಮೆಂಟು ಮೆತ್ತಿದ್ದರು. 2022ರಲ್ಲಿ ಆ ಸೀಮೆಯಲ್ಲೆಲ್ಲ ಕೆರೆಗಳು ಕೋಡಿ ಬಿದ್ದವಲ್ಲ, ಆ ವರ್ಷ ನಾಲೆಯ ನೀರಿನಿಂದ ಮೊದಲೇ ತುಂಬಿದ್ದ ಕೆರೆಗೆ ರಾತ್ರಿ ಮಳೆ ಬಂತು. ಕೋಡಿಯಲ್ಲಿ ಹೋಗಲಾರದ ನೀರು ಏರಿಯ ಮೇಲೆ ಹತ್ತಿತು. ಬೆಳಗಾಗುವುದರೊಳಗೆ ಏರಿ ಬಾಯಿ ಬಿಟ್ಟಿತ್ತು. ಮಾವನ ಅರ್ಧ ತೋಟದ ತುಂಬ ಮರಳು.

ಗೊರೂರಿನಲ್ಲಿ ಆಗುವುದೇ ಅಲ್ಲೂ ಆಗಿತ್ತು, ಸಣ್ಣ ಅಳತೆಯಲ್ಲಿ. ಮಳೆಗೆ ಜಾಗ ಬಿಟ್ಟಿರಲಿಲ್ಲ.

ಆಮೇಲೆ ದುಡ್ಡು ಬಂತು, ಇಲ್ಲ ಅನ್ನಲಾರೆ. ಒಡೆದ ಏರಿಗೆ ಮಣ್ಣು ತುಂಬಿಸಿದರು, ಕಲ್ಲು ಕಟ್ಟಿಸಿದರು. ಮಾವ ಒಂದು ಕಚೇರಿಗೆ ಹೋಗಿ, ಹಾಗೇ ಕೋಡಿಯನ್ನೂ ಅಗಲ ಮಾಡಿಸಿ, ನಾವು ಪೇರಿಸಿದ ಕಲ್ಲನ್ನೂ ತೆಗೆಸಿ, ತಪ್ಪು ನಮ್ಮದೇ ಅಂತ ಕೈ ಮುಗಿದು ಹೇಳಿದರಂತೆ. ಅದು ಹೊಸ ಕಾಮಗಾರಿ, ಪರಿಹಾರದ ಹಣದಲ್ಲಿ ಬರುವುದಿಲ್ಲ, ಇನ್ನೊಂದು ಕಚೇರಿಯಲ್ಲಿ ಕೇಳಿ ಅಂದರಂತೆ. ಇನ್ನೊಂದರಲ್ಲಿ ಮತ್ತೊಂದಕ್ಕೆ. ಅರ್ಜಿಯ ನಕಲುಗಳನ್ನು ಮಾವ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ, ನೆನೆಯದಿರಲಿ ಅಂತ.

ಹೋದ ತಿಂಗಳು ಫೋನು ಮಾಡಿದ್ದರು. ತಗ್ಗಿಸುವ ನಿಧಿ ಅಂತ ಏನೋ ಬಂದಿದೆಯಂತಲ್ಲ, ಅದಕ್ಕೆ ಯಾರ ಹೆಸರಿಗೆ ಅರ್ಜಿ ಬರೆಯಬೇಕು ಅಂತ ಕೇಳಿದರು. ಜಿಲ್ಲಾಧಿಕಾರಿಗಳ ಹೆಸರಿಗೇ ಬರೀರಿ ಮಾವ ಅಂದೆ. ಈ ಭಾನುವಾರ ಹೋಗಿ ಅರ್ಜಿ ಬರೆದುಕೊಟ್ಟು ಬರಬೇಕು. ನಿಮ್ಮಲ್ಲಿ ಯಾರ ಊರಿನಲ್ಲಾದರೂ ಆ ಇಪ್ಪತ್ತರ ಪಾಲಿನಿಂದ ಒಂದು ಕೋಡಿ ಅಗಲವಾಗಿದ್ದರೆ, ಒಂದು ಚರಂಡಿ ಬಾಗಿಲು ಬಂದಿದ್ದರೆ, ಅರ್ಜಿ ಹೇಗೆ ಬರೆದಿದ್ದರು ಅಂತ ಕೇಳಿ ತಿಳಿಸಿ.